ದಾನಮ್ಮನ ಸಡಿಲು ಕೀಲು

ಮಾಳಪ್ಪ ಮತ್ತು ಕಮಲಾಬಾಯಿಯ ಮಗಳು ದಾನಮ್ಮ ನಡೆಯಲು ಕಲಿತದ್ದು ತಡವಾಗಿ. ಎರಡು ವರ್ಷ ತುಂಬುವ ತನಕ, ನಿಲ್ಲಿಸಿದರೆ ಮೊಣಕಾಲು ಹಿಂದಕ್ಕೆ ಬಾಗಿ, ಹಾಗೆಯೇ ಕುಸಿದು ಕೂತುಬಿಡುತ್ತಿದ್ದಳು. ಆಳಂದದ ಕಡೆಯಿಂದ ನಾಸಿಕ್‌ಗೆ ಕಟ್ಟಡದ ಕೆಲಸಕ್ಕೆಂದು ಬಂದಿದ್ದ ಗಂಡಹೆಂಡಿರಿಗೆ ಅದನ್ನೇ ಯೋಚಿಸುತ್ತ ಕೂರಲು ಪುರುಸೊತ್ತಿರಲಿಲ್ಲ. ಮರಳಿನ ಗುಡ್ಡೆಯ ಮೇಲೆ ಕೂರಿಸಿದರೆ ಕೂತಲ್ಲೇ ಕೂತಿರುವ ಮಗು, ಎದ್ದು ಓಡಿ ಕಬ್ಬಿಣದ ಸರಳುಗಳ ನಡುವೆ ಹೋಗದ ಮಗು ಎಂದರೆ ಅವರ ಪಾಲಿಗೆ ಪುಣ್ಯವೇ. ಜೊತೆಗೆ ಕೆಲಸ ಮಾಡುವ ಹೆಂಗಸರು, ನಿನ್ನ ಮಗಳು ಭಾಳ ಶಾಣ್ಯಾ ಅದಾಳ ಎಂದು ಕಮಲಾಬಾಯಿಗೆ ಹೇಳುತ್ತಿದ್ದರು.

ನಡೆಯತೊಡಗಿದ ಮೇಲೆ ಅವಳ ಮೈಯ ಚಮತ್ಕಾರ ಎಲ್ಲರ ಕಣ್ಣಿಗೂ ಬಿತ್ತು. ಹೆಬ್ಬೆರಳನ್ನು ಬಗ್ಗಿಸಿ ಮುಂಗೈಗೆ ತಾಗಿಸುವಳು. ಬೆನ್ನ ಹಿಂದೆ ಕೈ ಹೆಣೆದುಕೊಂಡು, ಬಿಡಿಸದೆಯೇ ತಲೆಯ ಮೇಲಿಂದ ಮುಂದಕ್ಕೆ ತರುವಳು. ತಗಡಿನ ಶೆಡ್ಡುಗಳ ಮಕ್ಕಳೆಲ್ಲ ಸುತ್ತ ನಿಂತು ಇನ್ನೊಂದು ಸಲ, ಇನ್ನೊಂದು ಸಲ ಎಂದು ಪೀಡಿಸುತ್ತಿದ್ದರು. ಓದಿನಲ್ಲಾಗಲಿ ಹಾಡಿನಲ್ಲಾಗಲಿ ಯಾರೂ ಅವಳತ್ತ ತಿರುಗಿ ನೋಡಿದವರಲ್ಲ. ನೋಡಿದ್ದು ಇದಕ್ಕೊಂದಕ್ಕೆ. ಹಾಗಾಗಿ ಅವಳೂ ಕೇಳಿದವರಿಗೆಲ್ಲ ಮಾಡಿ ತೋರಿಸುತ್ತಿದ್ದಳು.

ಆರನೆಯ ತರಗತಿಯಲ್ಲಿ ವ್ಯಾಯಾಮದ ಮಾಸ್ತರು ವೈಜನಾಥ ಅವಳನ್ನು ಗುರುತಿಸಿದರು. ಮರಾಠಿ ಶಾಲೆ, ಮರಾಠಿ ಮಾಸ್ತರು. ಒಳ್ಳೆಯ ಮನುಷ್ಯ. ಕೂಲಿಯವರ ಮಕ್ಕಳು ಎಂದು ಬೇರೆ ಮಾಡಿದವರಲ್ಲ. ಯೋಗಾಸನದ ಸ್ಪರ್ಧೆಗೆ ಶಾಲೆಯಿಂದ ಯಾರನ್ನಾದರೂ ಕಳಿಸಬೇಕು ಎಂದು ಹುಡುಕುತ್ತಿದ್ದಾಗ ಈ ಹುಡುಗಿ ಬೆನ್ನು ಹಿಂದಕ್ಕೆ ಬಗ್ಗಿಸಿ ಎರಡೂ ಅಂಗಾಲು ತಲೆಗೆ ತಾಗಿಸಿದ್ದನ್ನು ಅವರು ಕಂಡರು. ಬೇರೆಯವರು ಹತ್ತು ವರ್ಷ ಬೆವರು ಸುರಿಸಿದರೂ ಬರದ್ದು ನಿನಗೆ ಹುಟ್ಟಾ ಬಂದಿದೆ, ಇದು ದೇವರು ಕೊಟ್ಟ ಮೈ ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ಒಂದು ಗಂಟೆ ಅಭ್ಯಾಸ. ಹತ್ತನೆಯ ತರಗತಿಯ ಹೊತ್ತಿಗೆ ದಾನಮ್ಮ ಜಿಲ್ಲೆಗೆ ಎರಡನೆಯವಳಾದಳು. ಮರಾಠಿ ಪತ್ರಿಕೆಯ ಒಳಪುಟದಲ್ಲಿ ಬೆರಳಗಲದ ಫೋಟೋ ಬಂತು. ಮಾಳಪ್ಪ ಆ ಹಾಳೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮಡಿಕೆಗಳು ಹರಿಯುವ ತನಕ ಸೈಟಿನವರಿಗೆಲ್ಲ ತೋರಿಸಿದ.

ನೋವು ಆಗಲೇ ಇತ್ತು. ಸಂಜೆಯಾದರೆ ಮೊಣಕಾಲು, ಸೊಂಟ, ಮಣಿಕಟ್ಟು ಎಲ್ಲ ಕಾದ ಕಬ್ಬಿಣದ ಹಾಗೆ ಆಗುತ್ತಿದ್ದವು. ಕಮಲಾಬಾಯಿ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತ, ಬೆಳಿಯೋ ಮೈ ನೋಯತದ ಎಂದು ಸಮಾಧಾನ ಹೇಳುತ್ತಿದ್ದಳು. ಹದಿನಾರನೆಯ ವಯಸ್ಸಿನಲ್ಲಿ ಒಂದು ದಿನ ಅಭ್ಯಾಸದ ನಡುವೆ ಎಡಭುಜ ತನ್ನ ಜಾಗ ಬಿಟ್ಟು ಕೆಳಗೆ ಜಾರಿತು. ದಾನಮ್ಮ ಗೋಡೆಗೆ ಒತ್ತಿ ನಿಂತು ತಾನೇ ಅದನ್ನು ಒಳಗೆ ಸೇರಿಸಿಕೊಂಡಳು. ಮಾಸ್ತರಿಗೆ ಹೇಳಲಿಲ್ಲ. ಹೇಳಬೇಕಾದ ಸಂಗತಿ ಅಂತಲೂ ಅವಳಿಗೆ ಅನಿಸಲಿಲ್ಲ. ಜೋರಾಗಿ ಬಗ್ಗಿದರೆ ಎಲ್ಲರಿಗೂ ಹೀಗೆ ಆಗುತ್ತದೆ ಎಂದೇ ಅವಳು ತಿಳಿದಿದ್ದಳು.

ಹನ್ನೊಂದನೆಯ ತರಗತಿಗೆ ಸೇರಿದಳು, ಆದರೆ ಮುಗಿಸಲಿಲ್ಲ. ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟುತ್ತಿತ್ತು. ಬರೆಯುತ್ತ ಕೂತರೆ ಅರ್ಧ ಪುಟಕ್ಕೆ ಬೆರಳುಗಳು ಹಿಂದಕ್ಕೆ ಬಾಗಿ ಪೆನ್ನು ಜಾರುತ್ತಿತ್ತು. ಮನೆಯಲ್ಲಿ ಕೂರಿಸಿಕೊಳ್ಳುವ ಅನುಕೂಲ ಇರಲಿಲ್ಲವಾದ್ದರಿಂದ ನಿಫಾಡದ ದ್ರಾಕ್ಷಿ ತೋಟಗಳಿಗೆ ಹೋಗುವ ಹೆಂಗಸರ ಗುಂಪಿಗೆ ಅವಳನ್ನು ಸೇರಿಸಿದರು. ಚಪ್ಪರದ ಕೆಳಗೆ ನಿಂತು, ಎರಡೂ ಕೈ ಮೇಲೆತ್ತಿ, ಒತ್ತಾಗಿ ಕಟ್ಟಿದ ಗೊಂಚಲಿನೊಳಗಿನ ಸಣ್ಣ ಕಾಯಿಗಳನ್ನು ಕತ್ತರಿಯಿಂದ ಬಿಡಿಸುವ ಕೆಲಸ. ಬೇರೆಯವರಿಗೆ ಕತ್ತು ನೋಯುತ್ತಿತ್ತು, ಇವಳಿಗೆ ಭುಜವೇ ಕಳಚುತ್ತಿತ್ತು. ಎರಡನೆಯ ವರ್ಷ ಒಂದೇ ವಾರದಲ್ಲಿ ಮೂರು ಸಲ ಹಾಗಾಯಿತು. ಕೂಲಿಯವರನ್ನು ಕರೆತರುವ ಮುಕಾದಮ ನಕ್ಕು, ಯೋಗದ ರಾಣಿ ಕೈ ಎತ್ತಲಾರಳಂತೆ ಎಂದ. ಹೆಂಗಸರೂ ನಕ್ಕರು. ದಾನಮ್ಮನಿಗೆ ಅಳು ಬರಲಿಲ್ಲ, ನಾಚಿಕೆ ಬಂತು. ಅಷ್ಟೊಂದು ಬಗ್ಗುವ ಮೈ ಇಷ್ಟು ಸಣ್ಣ ಕೆಲಸಕ್ಕೆ ಯಾಕೆ ಸೋಲುತ್ತದೆ ಎಂದುಕೊಳ್ಳುತ್ತ ಮತ್ತೆ ಕತ್ತರಿ ಎತ್ತಿಕೊಂಡಳು.

ಇಪ್ಪತ್ತೊಂದಕ್ಕೆ ಮದುವೆಯಾಯಿತು. ಹುಡುಗನ ಹೆಸರು ಶ್ರೀಮಂತ, ಅಫಜಲಪುರದ ಕಡೆಯ ಮನೆತನ. ಅವನ ತಂದೆ ಸಾಯಬಣ್ಣ ಸಿಲ್ಲೋಡಿನಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಗೋದಾಮು ಕಾಯುತ್ತಿದ್ದ. ಶ್ರೀಮಂತ ಸಂಭಾಜಿನಗರದ ಹತ್ತಿರ ವಾಳೂಜಿನಲ್ಲಿ, ಗಾಡಿಗಳಿಗೆ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಕಾರ್ಖಾನೆಗಳ ಬೆನ್ನಿಗೆ ಹತ್ತಿಕೊಂಡ ಚಾಳಿನಲ್ಲಿ ಒಂದು ಕೋಣೆ, ಹೊರಗೆ ಹಂಚಿಕೊಳ್ಳುವ ನಲ್ಲಿ. ಮಾತು ಕಡಿಮೆ, ಚಟ ಇಲ್ಲ, ಮೈ ಮುರಿದು ದುಡಿಯುವವನು. ನಾಲ್ಕು ತಿಂಗಳಿಗೆ ದಾನಮ್ಮನೂ ಇನ್ನೊಂದು ಕಾರ್ಖಾನೆಗೆ ಸೇರಿದಳು. ಕಾರಿನೊಳಗೆ ಓಡುವ ವೈರುಗಳನ್ನು ಕಟ್ಟು ಕಟ್ಟುವ ಜಾಗ. ಒಂದೊಂದು ವೈರಿನ ತುದಿಯನ್ನೂ ಪ್ಲಾಸ್ಟಿಕ್ಕಿನ ಗೂಡಿಗೆ ಇಟ್ಟು ಟಕ್ ಎನ್ನುವ ತನಕ ಹೆಬ್ಬೆರಳಿನಿಂದ ಒತ್ತಬೇಕು. ಎಂಟು ಗಂಟೆ ನಿಂತೇ ಇರಬೇಕು.

ಕೆಲಸಕ್ಕೆ ಸೇರಿದ ಏಳನೆಯ ತಿಂಗಳು, ಒತ್ತಿದ ಹೆಬ್ಬೆರಳು ಬುಡದಲ್ಲಿ ಕಳಚಿ ಅಂಗೈ ಕಡೆ ಬಿತ್ತು. ದಾನಮ್ಮ ಅಭ್ಯಾಸದಂತೆ ಅದನ್ನು ಎಳೆದು ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಹಿಡಿದು ನಿಂತಳು. ಲೈನಿನ ಸೂಪರ್‌ವೈಸರ್ ಶಶಿಕಾಂತ ಬಂದು ನೋಡಿದ. ಬಾವು ಇಲ್ಲ, ರಕ್ತ ಇಲ್ಲ, ಬೆರಳು ನೆಟ್ಟಗಿದೆ. ನಿಜವಾಗಿ ಕಳಚಿದ ಬೆರಳು ಹೀಗೆ ಚಿಟಿಕೆ ಹೊಡೆದಂತೆ ಒಳಗೆ ಹೋಗುತ್ತದೆಯೇ, ಕೆಲಸ ಬೇಡವಾಗಿದ್ದರೆ ಹೇಳು, ನಾಟಕ ಯಾಕೆ ಎಂದು ಕೇಳಿದ. ಅವನು ಬೈದದ್ದಲ್ಲ, ಕೇಳಿದ್ದು. ಅವನ ಜಾಗದಲ್ಲಿ ತಾನಿದ್ದರೂ ಹಾಗೆಯೇ ಕೇಳುತ್ತಿದ್ದೆನೇನೋ ಎಂದು ದಾನಮ್ಮನಿಗೆ ಅನಿಸಿತು. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

ಆಮೇಲೆ ಎರಡು ವರ್ಷ, ಕೆಲಸ ಬಿಡದೆಯೇ, ಡಾಕ್ಟರುಗಳ ಸುತ್ತ ತಿರುಗಾಟ. ಮೊದಲನೆಯವರು ನಿಶ್ಶಕ್ತಿ ಎಂದು ಸಲಾಯಿನ್ ಏರಿಸಿದರು. ಮುಂದೆ ಕ್ಯಾಲ್ಸಿಯಂ ಗುಳಿಗೆ, ಆಮೇಲೆ ರಕ್ತ ಕಡಿಮೆ ಎಂದು ಕೆಂಪು ಟಾನಿಕ್. ಸಂಧಿವಾತದ ರಕ್ತಪರೀಕ್ಷೆ ಮಾಡಿಸಿದರು, ಏನೂ ಸಿಗಲಿಲ್ಲ. ಎಕ್ಸ್‌ರೇ ತೆಗೆಸಿದರು, ಮೂಳೆಗಳು ಹಾಲಿನಂತೆ ಸ್ವಚ್ಛವಾಗಿದ್ದವು. ಒಬ್ಬ ಡಾಕ್ಟರಮ್ಮ ಶ್ರೀಮಂತನನ್ನು ಒಳಗೆ ಕರೆದು, ಮನಸ್ಸಿನ ಟೆನ್ಶನ್ನು, ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಕಳಿಸಿದರು. ಸಿಲ್ಲೋಡಿನಿಂದ ಬಂದಾಗಲೆಲ್ಲ ಅತ್ತೆ ಅದೇ ಮಾತನ್ನು ಹಿಡಿದು ಕೂರುತ್ತಿದ್ದಳು. ಈ ವಯಸ್ಸಿನಲ್ಲಿ ತಾನು ಮೂರು ಕೊಡ ನೀರು ಒಟ್ಟಿಗೆ ತರುತ್ತಿದ್ದೆ ಎಂದು ಸೊಸೆಗೆ ಕೇಳುವಂತೆ ಪಕ್ಕದ ಮನೆಯವಳ ಹತ್ತಿರ ಹೇಳುತ್ತಿದ್ದಳು.

ಶ್ರೀಮಂತ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ರಿಪೋರ್ಟುಗಳ ಚೀಲವನ್ನು ಮುಂದಿಟ್ಟುಕೊಂಡು ಒಂದೊಂದೇ ಹಾಳೆ ತೆಗೆದು ನೋಡಿದ. ಓದಲು ಬರುವಷ್ಟು ಇಂಗ್ಲಿಷು ಅವನಿಗಿತ್ತು. ಎಲ್ಲದರ ಕೆಳಗೂ ನಾರ್ಮಲ್ ಎಂದೇ ಬರೆದಿತ್ತು.

"ಎಲ್ಲಾ ಛಲೋ ಅದಾವ ದಾನಮ್ಮಾ," ಎಂದ. "ಹಂಗಾದ್ರ ನೋವು ಎಲ್ಲಿಂದ ಬರ್ತದ?"

"ನಂಗ ಗೊತ್ತಿಲ್ರಿ," ಎಂದಳು ದಾನಮ್ಮ.

ಅವನು ಹಾಳೆಗಳನ್ನು ಮತ್ತೆ ಚೀಲದಲ್ಲಿ ತುಂಬಿ ಗೂಟಕ್ಕೆ ತೂಗುಹಾಕಿದ. ಆ ದಿನದಿಂದ ಅವಳಿಗೂ ಒಳಗೊಳಗೇ ಒಂದು ಅನುಮಾನ ಹತ್ತಿಕೊಂಡಿತು. ತಾನು ನಿಜವಾಗಿಯೂ ಮೈಗಳ್ಳಿಯೋ ಏನೋ, ನೋವು ಎಂಬುದು ತನ್ನ ತಲೆಯಲ್ಲೇ ಹುಟ್ಟುತ್ತದೋ ಏನೋ. ನೋಯುವಾಗಲೂ ಇದು ನೋವೋ ಅಲ್ಲವೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಆ ದಿನಗಳಷ್ಟು ಒಂಟಿತನ ತನಗೆ ಹಿಂದೆಂದೂ ಆಗಿರಲಿಲ್ಲ ಎಂದು ಅವಳು ಮುಂದೊಮ್ಮೆ ತಾಯಿಗೆ ಹೇಳಿದಳು.

ಇಪ್ಪತ್ನಾಲ್ಕು ತುಂಬಿದ ವರ್ಷ, ಬಸ್ಸಿನಿಂದ ಇಳಿಯುವಾಗ ಬಲಸೊಂಟದ ಕೀಲು ಜಾರಿ ರಸ್ತೆಯ ಮೇಲೇ ಬಿದ್ದಳು. ಜನ ಎತ್ತಿ ರಿಕ್ಷಾದಲ್ಲಿ ಹಾಕಿ ಸಂಭಾಜಿನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಿದರು. ಅಷ್ಟರಲ್ಲಿ ಕೀಲು ತಾನಾಗಿ ಒಳಗೆ ಸರಿದಿತ್ತು. ಅಲ್ಲಿ ಮತ್ತೆ ಎಕ್ಸ್‌ರೇ, ಮತ್ತೆ ನಾರ್ಮಲ್. ಚೀಟಿಯ ಮೇಲೆ ಫಿಸಿಯೋಥೆರಪಿ ಎಂದು ಬರೆದು ನೆಲಮಾಳಿಗೆಗೆ ಕಳಿಸಿದರು. ಬೆಂಚಿನ ಮೇಲೆ ಸರದಿಗೆ ಕಾಯುತ್ತ ಕೂತಿದ್ದಾಗ ತಾಯಿಯ ಫೋನು ಬಂತು. ಏನಿಲ್ಲವ್ವಾ, ಆರಾಮ ಅದೀನಿ ಎಂದು ಹೇಳಿ ಇಡುವಷ್ಟರಲ್ಲಿ, ಬಿಳಿ ಕೋಟು ಹಾಕಿದ್ದ ಹುಡುಗಿಯೊಬ್ಬಳು ಎದುರಿಗೆ ಬಂದು ನಿಂತು, ನೀವು ಕನ್ನಡದವರಾ ಎಂದು ಕೇಳಿದಳು.

ಅವಳ ಹೆಸರು ಪೂಜಿತಾ, ಅಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವವಳು. ತಂದೆಗೆ ಇದೇ ಊರಿನಲ್ಲಿ ಸಸ್ಯಾಹಾರಿ ಹೋಟೆಲು, ಮೂಲ ಉಡುಪಿಯ ಕಡೆ. ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯ ಹೊರಗೆ ಕನ್ನಡ ಆಡುವ ಪ್ರಸಂಗ ಬರುತ್ತಿರಲಿಲ್ಲವಾದ್ದರಿಂದ ಒಂದೊಂದು ಶಬ್ದಕ್ಕೂ ತಡವರಿಸುತ್ತಿದ್ದಳು. ಸೊಂಟ ನೋಡಿದಳು, ಮೊಣಕಾಲು ನೋಡಿದಳು. ನಿಂತ ದಾನಮ್ಮನ ಮೊಣಕಾಲು ಹಿಂದಕ್ಕೆ ಬಿಲ್ಲಿನಂತೆ ಬಾಗಿರುವುದನ್ನು ಕಂಡಳು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಹೆಬ್ಬೆರಳು ಹೀಗೆ ಕೈಗೆ ತಾಗಿಸಲಿಕ್ಕೆ ಆಗ್ತದಾ ನೋಡುವಾ," ಎಂದಳು.

ದಾನಮ್ಮ ತಾಗಿಸಿದಳು. ಇನ್ನೊಂದು ಕೈಯದೂ ತಾಗಿತು. ಕಿರುಬೆರಳುಗಳು ಹಿಂದಕ್ಕೆ ನೆಟ್ಟಗೆ ನಿಂತವು. ಮೊಣಕೈಗಳು ಹಿಂದಕ್ಕೆ ಬಾಗಿದವು. ಮೊಣಕಾಲು ಮಡಚದೆ ಬಗ್ಗು ಎಂದಾಗ ಅಂಗೈ ಎರಡೂ ನೆಲಕ್ಕೆ ಅಂಟಿದವು. ಪೂಜಿತಾ ಬೆರಳು ಮಡಚುತ್ತ ಎಣಿಸಿ, ಒಂಬತ್ತಕ್ಕೆ ಒಂಬತ್ತು ಎಂದಳು. ದಾನಮ್ಮನಿಗೆ ಒಂದು ಗಳಿಗೆ ಸ್ಪರ್ಧೆಯಲ್ಲಿ ಪೂರ್ಣ ಅಂಕ ಬಂದಷ್ಟೇ ಹಿಗ್ಗಾಯಿತು, ಬಾಯಿ ತುಂಬ ನಕ್ಕಳು. ಪೂಜಿತಾ ನಗಲಿಲ್ಲ. ಭುಜ ಎಷ್ಟು ಸಲ ಕಳಚಿದೆ, ನಿಂತರೆ ಕಣ್ಣು ಕತ್ತಲೆ ಬರುತ್ತದಾ, ಸಣ್ಣಗೆ ತಾಗಿದರೂ ಮೈ ನೀಲಿಗಟ್ಟುತ್ತದಾ, ಚಿಕ್ಕಂದಿನಲ್ಲಿ ನಡೆದದ್ದು ತಡವಾ ಎಂದು ಒಂದರ ಹಿಂದೊಂದು ಕೇಳುತ್ತ ಹೋದಳು. ದಾನಮ್ಮನಿಗೆ ಆಶ್ಚರ್ಯವಾಯಿತು. ತಾನು ಯಾರಿಗೂ ಹೇಳದ ಸಂಗತಿಗಳು ಈ ಹುಡುಗಿಗೆ ಹೇಗೆ ಗೊತ್ತು? ಎಲ್ಲದಕ್ಕೂ ಹೌದು ಹೌದು ಎನ್ನುತ್ತ ಬಂದವಳು ಕೊನೆಗೆ, ತಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಾಳೋ ಎಂದು ಹೆದರಿ ಸುಮ್ಮನಾದಳು.

"ಹೇಳಿ ನೀವು," ಎಂದಳು ಪೂಜಿತಾ. "ನಿಮ್ಮ ನೋವು ಖರೇ ಉಂಟು. ನಾಟಕ ಅಲ್ಲ ಇದು."

ಖರೇ ಎಂಬ ಆ ಮಾತನ್ನು ಅವಳು ಮರಾಠಿಯಿಂದ ತಂದಿದ್ದಳೋ ದಾನಮ್ಮನಿಗಾಗಿ ಹುಡುಕಿ ಆಡಿದ್ದಳೋ, ಅಂತೂ ಅದು ದಾನಮ್ಮನಿಗೆ ನೆಟ್ಟಗೆ ತಲುಪಿತು. ಎಲ್ಲರೆದುರು, ರಾಟೆಯ ಹಗ್ಗ ಎಳೆದು ಕೈಗೆ ವ್ಯಾಯಾಮ ಮಾಡುತ್ತಿದ್ದ ಮುದುಕರ ಎದುರು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಮುಂದಿನ ತಿಂಗಳು ಕೀಲುಗಳ ತಜ್ಞರು ನೋಡಿದರು. ಎದೆಯ ಸ್ಕ್ಯಾನ್ ಮಾಡಿಸಿದರು, ಕಣ್ಣು ತೋರಿಸಿದರು, ಬೇರೆ ಕಾಯಿಲೆಗಳಲ್ಲ ಎಂದು ಖಾತ್ರಿ ಮಾಡಿಕೊಂಡು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಉದ್ದದ ಹೆಸರೊಂದನ್ನು ಬರೆದರು. ಅದರಲ್ಲಿ ದಾನಮ್ಮನಿಗೆ ನಾಲಿಗೆಗೆ ಸಿಕ್ಕಿದ್ದು ಹೈಪರ್‌ಮೊಬಿಲಿಟಿ ಎಂಬ ಒಂದು ಶಬ್ದ. ಅದನ್ನು ಕನ್ನಡದಲ್ಲಿ ಹೇಳಿರಿ ಎಂದು ಪೂಜಿತಾಳನ್ನು ಕೇಳಿದಳು. ಪೂಜಿತಾಳಿಗೆ ಬರಲಿಲ್ಲ. ಮೂಳೆಗೆ ಮೂಳೆ ಕಟ್ಟಿಡುವ ಒಂದು ಅಂಟು ಇರುತ್ತದೆ, ನಿಮಗೆ ಅದು ಹುಟ್ಟಿನಿಂದಲೇ ಸಡಿಲು, ಅದಕ್ಕೆ ಕೀಲು ಬಗ್ಗಬೇಕಾದ್ದಕ್ಕಿಂತ ಹೆಚ್ಚು ಬಗ್ಗುತ್ತದೆ, ಜಾರುತ್ತದೆ, ಹಿಡಿದಿಟ್ಟು ಹಿಡಿದಿಟ್ಟು ಸ್ನಾಯುಗಳು ಸೋಲುತ್ತವೆ ಎಂದು ಬಿಡಿಸಿ ಹೇಳಿದಳು. ಅಂದರೆ ಮಾಸ್ತರು ದೇವರು ಕೊಟ್ಟದ್ದು ಎಂದಿದ್ದೂ ಇದೇ. ದಿನಕ್ಕೊಂದು ಗಂಟೆಯಂತೆ ಐದು ವರ್ಷ ಅವಳು ಎಳೆದೆಳೆದು ಇನ್ನಷ್ಟು ಸಡಿಲ ಮಾಡಿಕೊಂಡದ್ದೂ ಇದನ್ನೇ.

"ಆರಾಮ ಯಾವಾಗ ಆಗ್ತದ್ರೀ?" ಎಂದು ದಾನಮ್ಮ ಕೇಳಿದಳು.

ಪೂಜಿತಾ ಕೈಯಲ್ಲಿದ್ದ ರಬ್ಬರ್ ಪಟ್ಟಿಯನ್ನು ಸುತ್ತಿಟ್ಟಳು. "ಹೋಗುವುದಿಲ್ಲ ಇದು. ಸ್ನಾಯು ಗಟ್ಟಿ ಮಾಡಿಕೊಂಡ್ರೆ ಜಾರುವುದು ಕಮ್ಮಿ ಆಗ್ಬಹುದು. ಅಷ್ಟೇ ನಾನು ಹೇಳ್ಲಿಕ್ಕೆ ಆಗುವುದು."

ಭಾರ ಎತ್ತಬಾರದು, ಹೊತ್ತುಗಟ್ಟಲೆ ನಿಲ್ಲಬಾರದು, ಬೆರಳಿಗೆ ಒತ್ತಡದ ಕೆಲಸ ಕೂಡದು, ದಿನಾ ಇಪ್ಪತ್ತು ನಿಮಿಷ ಈ ವ್ಯಾಯಾಮ, ಹೆಬ್ಬೆರಳಿಗೆ ಈ ಪಟ್ಟಿ. ಯೋಗಾಸನ ಮಾತ್ರ ಬೇಡವೇ ಬೇಡ. ದಾನಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಹೊರಗೆ ಬಂದು ಬಸ್ಸಿಗೆ ನಿಂತಾಗ, ಅವರು ಬೇಡ ಎಂದದ್ದನ್ನೆಲ್ಲ ಬಿಟ್ಟರೆ ತನ್ನಂಥವಳಿಗೆ ಉಳಿಯುವ ಕೆಲಸ ಯಾವುದು ಎಂದು ಯೋಚಿಸಿದಳು.

ಮನೆಯಲ್ಲಿ ಶ್ರೀಮಂತ ಚೀಟಿಯನ್ನು ಎರಡು ಸಲ ಓದಿದ. ಮೊಬೈಲಿನಲ್ಲಿ ಆ ಹೆಸರು ಹಾಕಿ ಬಹಳ ಹೊತ್ತು ನೋಡಿದ. ಮರುದಿನ ಬೆಳಿಗ್ಗೆ ನಲ್ಲಿಯಿಂದ ನೀರು ಅವನೇ ತಂದ. ಅಂದಿನಿಂದ ಇವತ್ತಿನವರೆಗೂ ಅವನೇ ತರುತ್ತಾನೆ. ನಾರ್ಮಲ್ ಎಂಬ ಹಾಳೆಗಳನ್ನು ಮುಂದಿಟ್ಟುಕೊಂಡು ಕೇಳಿದ ಆ ಮಾತಿನ ಬಗ್ಗೆ ಅವನು ಬಾಯಿಬಿಡಲಿಲ್ಲ, ಅವಳೂ ಕೆದಕಲಿಲ್ಲ. ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಕಾಯಿಲೆ ಇದು, ಹುಟ್ಟುವ ಮಗುವಿಗೆ ಬರಲೂಬಹುದು ಬರದಿರಲೂಬಹುದು ಎಂದು ಡಾಕ್ಟರು ಹೇಳಿದ್ದನ್ನು ಅವಳು ಹೇಳಿದಾಗ, ಈಗ ಬ್ಯಾಡ ಬಿಡು ಎಂದಷ್ಟೇ ಅಂದ. ಈಗ ಎಂದರೆ ಯಾವಾಗಿನ ತನಕ ಎಂದು ಅವಳು ಕೇಳಲಿಲ್ಲ.

ಗಂಡ ನಂಬಿದ್ದು ದೊಡ್ಡ ಸಂಗತಿಯೇ. ಆದರೆ ಅವನ ನಂಬಿಕೆ ಕಾರ್ಖಾನೆಯ ಗೇಟು ದಾಟುವಂಥದ್ದಾಗಿರಲಿಲ್ಲ. ಆಸ್ಪತ್ರೆಯ ಚೀಟಿಯನ್ನು ದಾನಮ್ಮ ಶಶಿಕಾಂತನಿಗೆ ತೋರಿಸಿದಳು. ಅವನು ಗೌರವದಿಂದಲೇ ಓದಿ, ಕೂತು ಮಾಡುವ ಕೆಲಸಕ್ಕೆ ಹಾಕಿಸಲು ತಾನು ಕೇಳಿ ನೋಡುತ್ತೇನೆ ಎಂದ. ಕೇಳಿಯೂ ನೋಡಿದ್ದಿರಬೇಕು. ರಬ್ಬರಿನ ಬಿರಡೆಗಳನ್ನು ಕಣ್ಣಿನಿಂದ ಪರೀಕ್ಷಿಸುವ ಮೇಜಿಗೆ ಮೂರು ವಾರ ಹಾಕಿದರು. ಗುತ್ತಿಗೆ ಹೊಸದಾದಾಗ ಬಂದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಯಾರನ್ನು ಕೇಳಿದರೂ ತಮಗೆ ಗೊತ್ತಿಲ್ಲ ಎಂದರು. ಗೇಟಿನ ಕಾವಲುಗಾರ ಮಾತ್ರ, ಕಾಯಿಲೆಯ ಕಾಗದ ತೋರಿಸಬಾರದಿತ್ತು ತಾಯಿ ಎಂದು ಮೆಲ್ಲಗೆ ಹೇಳಿದ.

ಕೆಲಸ ಹೋದ ವಾರ ಅವಳು ನಾಸಿಕ್‌ಗೆ ತವರಿಗೆ ಹೋದಳು. ದಾರಿಯಲ್ಲಿ ತರಕಾರಿ ಮಾರುಕಟ್ಟೆಯ ಹತ್ತಿರ ವೈಜನಾಥ ಮಾಸ್ತರು ಸಿಕ್ಕರು. ತಲೆ ನರೆತಿತ್ತು, ಹುರುಪು ಹಾಗೆಯೇ ಇತ್ತು. ಜೊತೆಗಿದ್ದವರಿಗೆ ಅವಳ ಪರಿಚಯ ಹೇಳುತ್ತ, ಜಿಲ್ಲೆಯಲ್ಲೇ ಇಂಥ ಬೆನ್ನು ಇನ್ನೊಂದಿರಲಿಲ್ಲ ಎಂದು ಹೊಗಳಿದರು. ಈಗಲೂ ಅಭ್ಯಾಸ ಬಿಟ್ಟಿಲ್ಲ ತಾನೇ ಎಂದು ಕೇಳಿದರು. ಬೇರೆ ಮಕ್ಕಳಿಗಾದರೂ ಹೇಳಬೇಕು, ಇಷ್ಟು ಬಗ್ಗುವ ಮಗುವನ್ನು ಮೊದಲು ಡಾಕ್ಟರಿಗೆ ತೋರಿಸಿರಿ ಎಂದು ಹೇಳಬೇಕು ಅಂತ ಅವಳಿಗಿತ್ತು. ಬಾಯಿಗೆ ಬಂದ ಮಾತು ಅವರ ಮುಖ ನೋಡಿ ನಿಂತುಹೋಯಿತು. ಹೂಂ ಸರ್ ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದಳು. ಹೇಳದೆ ಬಂದದ್ದು ಈಗಲೂ ಅವಳನ್ನು ಕಾಡುತ್ತದೆ.

ಮನೆಯಲ್ಲಿ ತಾಯಿಗೆ ಎಲ್ಲ ಹೇಳಿದಳು. ಕಮಲಾಬಾಯಿ ಆಗಷ್ಟೇ ಸೈಟಿನಿಂದ ಬಂದು ಕಾಲು ತೊಳೆದು ಕೂತಿದ್ದಳು. ಮುಂಗಾಲಿನ ಮೇಲೆ ಸಿಮೆಂಟು ಇನ್ನೂ ಬೂದಿಯಂತೆ ಅಂಟಿತ್ತು. ಮಗಳು ಪೂಜಿತಾ ಮಾಡಿಸಿದ್ದನ್ನೆಲ್ಲ ಒಂದೊಂದಾಗಿ ಮಾಡಿ ತೋರಿಸುತ್ತಿದ್ದಂತೆ ತಾಯಿ ನೋಡಿದಳು. ಆಮೇಲೆ ತನ್ನ ಬಲಗೈ ಚಾಚಿದಳು. ಮೊಣಕೈ ಹಿಂದಕ್ಕೆ ಬಾಗಿತು. ಹೆಬ್ಬೆರಳನ್ನು ಎಡಗೈಯಿಂದ ಒತ್ತಿದಳು, ಅದು ಮುಂಗೈಗೆ ತಾಗಿತು. ಗಂಟು ಕಟ್ಟಿ ದಪ್ಪವಾದ ಆ ಬೆರಳು ಅಷ್ಟು ಸಲೀಸಾಗಿ ಬಗ್ಗಿತು.

"ನನಗೂ ಹಿಂಗ ಆಗತಿತ್ತು," ಎಂದಳು ಕಮಲಾಬಾಯಿ. "ಭುಜ ಜಾರತಿತ್ತು, ಮಂಡಿ ಜಾರತಿತ್ತು. ಎಲ್ಲಾರಿಗೂ ಹಿಂಗ ಇರ್ತದ, ಅವರು ತಡಕೋತಾರ, ನಾನೇ ಹೇಡಿ ಅಂತ ತಿಳದಿದ್ದೆ."

ಮೂವತ್ತು ವರ್ಷ ತಲೆಯ ಮೇಲೆ ಇಟ್ಟಿಗೆ, ಮರಳು, ಕಾಂಕ್ರೀಟು ಹೊತ್ತವಳು. ತಾನು ಹೇಡಿ ಅಂದುಕೊಂಡೇ ಹೊತ್ತಿದ್ದಳು. ಕಮಲಾಬಾಯಿ, ಅಂದ್ರ ಇದನ್ನ ನಿನಗ ನಾನೇ ಕೊಟ್ಟಂಗ ಆತಲ್ಲ ದಾನಮ್ಮಾ ಎಂದು ನೆಲ ನೋಡುತ್ತ ಹೇಳಿದಳು. ದಾನಮ್ಮ ಅವಳ ಪಕ್ಕಕ್ಕೆ ಸರಿದು ಕೂತಳು. ಮಾಳಪ್ಪ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ, ಏನಾಗಿದೆ ಎಂದು ಕೇಳದೆ, ಮತ್ತೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಸಂಭಾಜಿನಗರಕ್ಕೆ ಮರಳಿದ ಮೇಲೆ ಪೂಜಿತಾ ಒಂದು ದಾರಿ ಸೂಚಿಸಿದಳು. ಸಿಗುತ್ತದೆ ಎಂದು ಹೇಳಲಾರೆ, ಆದರೂ ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ನೋಡಿ, ಸಿಕ್ಕರೆ ಕೂತು ಮಾಡುವ ಕೆಲಸಕ್ಕೆ ಎಲ್ಲಾದರೂ ಆಸರೆಯಾಗುತ್ತದೆ ಎಂದಳು. ತಪಾಸಣೆಗೆ ಕರೆ ಬಂದ ದಿನ ಶ್ರೀಮಂತ ರಜೆ ಹಾಕಿ ಆಸ್ಪತ್ರೆಗೆ ಜೊತೆಗೆ ಬಂದ. ಊರುಗೋಲಿನವರು, ಗಾಲಿಕುರ್ಚಿಯವರು, ಒಂದು ಕಾಲಿಲ್ಲದವರು ಕೂತಿದ್ದ ಸಾಲಿನಲ್ಲಿ ದಾನಮ್ಮ ಎರಡು ಕೈ ಎರಡು ಕಾಲು ನೆಟ್ಟಗಿಟ್ಟುಕೊಂಡು ಕೂತಳು. ಜನ ಅವಳನ್ನೂ ಶ್ರೀಮಂತನನ್ನೂ ತಿರುಗಿ ತಿರುಗಿ ನೋಡಿದರು. ಒಬ್ಬ ಮುದುಕಿ ಯಾರ ಸಲುವಾಗಿ ಬಂದಿದ್ದೀರಿ ಎಂದು ಕೇಳಿದಳು.

ಒಳಗಿದ್ದ ಡಾಕ್ಟರು ವಯಸ್ಸಾದವರು. ಸಾವಧಾನದಿಂದ ನೋಡಿದರು. ನಡುವೆ ತಿರುಗುವ ಪ್ಲಾಸ್ಟಿಕ್ಕಿನ ಅಳತೆಪಟ್ಟಿಯೊಂದನ್ನು ಅವಳ ಭುಜಕ್ಕೆ, ಮೊಣಕೈಗೆ, ಮಣಿಕಟ್ಟಿಗೆ ಹಿಡಿದು ಎಷ್ಟು ಬಗ್ಗುತ್ತದೆ ಎಂದು ಅಳೆದು ಬರೆದರು. ಎಲ್ಲ ಕೀಲೂ ಬಗ್ಗಬೇಕಾದಷ್ಟು ಬಗ್ಗಿ ಇನ್ನೂ ಮುಂದಕ್ಕೆ ಹೋದವು. ಅವರು ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು. ನಿನಗೆ ಕಾಯಿಲೆ ಇದೆ ಮಗಳೇ, ನನಗೆ ಕಾಣುತ್ತದೆ ಎಂದು ಮರಾಠಿಯಲ್ಲಿ ಹೇಳಿದರು. ಆದರೆ ಈ ಫಾರ್ಮು ಎಷ್ಟು ಕಡಿಮೆ ಬಗ್ಗುತ್ತದೆ ಎಂದು ಕೇಳುತ್ತದೆ. ಹೆಚ್ಚು ಬಗ್ಗುವುದನ್ನು ಬರೆಯಲು ಇದರಲ್ಲಿ ಜಾಗವಿಲ್ಲ. ಶ್ರೀಮಂತ, ಅವಳ ಭುಜ ಕಳಚಿದ್ದನ್ನು ತಾನು ಕಣ್ಣಾರೆ ನೋಡಿದ್ದೇನೆ ಸಾಹೇಬರೇ ಎಂದ. ಈಗ ಕಳಚಿಲ್ಲವಲ್ಲ ಎಂದರು ಅವರು, ಬೇಸರದಿಂದಲೇ. ಚಲನೆಯಲ್ಲಿ ಕೊರತೆ ಇಲ್ಲ ಎಂದು ಬರೆದು ಸಹಿ ಹಾಕಿದರು.

ಹೊರಗೆ ಬಂದು ಇಬ್ಬರೂ ಚಹಾ ಕುಡಿದರು. ಸಿಟ್ಟು ಮಾಡಲು ಶ್ರೀಮಂತನಿಗೆ ಯಾರೂ ಸಿಕ್ಕಿರಲಿಲ್ಲ.

ಈ ಬೇಸಿಗೆಯ ಕೊನೆಗೆ ಮಾಳಪ್ಪನ ಫೋನು ಬಂತು. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟಿನ ಬುಟ್ಟಿ ಎತ್ತಿಕೊಳ್ಳುವಾಗ ಕಮಲಾಬಾಯಿಯ ಬಲಭುಜ ಜಾರಿ, ಈ ಸಲ ತಾನಾಗಿ ಒಳಗೆ ಹೋಗದೆ, ಆಸ್ಪತ್ರೆಯಲ್ಲಿ ಕೂರಿಸಿದ್ದರು. ಕೈಗೆ ಜೋಳಿಗೆ ಕಟ್ಟಿ ಮೂರು ವಾರ ಕದಲಿಸಬೇಡ ಎಂದಿದ್ದರು. ದಾನಮ್ಮ ಮೊದಲ ಬಸ್ಸಿಗೆ ಹೋದಳು. ಅಡುಗೆ ಮಾಡಿದಳು, ತಾಯಿಯ ತಲೆ ಬಾಚಿದಳು. ಪೂಜಿತಾ ಕಲಿಸಿದ್ದನ್ನು ಕಮಲಾಬಾಯಿಯ ಒಳ್ಳೆಯ ಕೈಗೆ ಕಲಿಸಿದಳು. ಗೋಡೆಗೆ ಅಂಗೈ ಒತ್ತಿ ಹತ್ತು ಎಣಿಸುವ ತನಕ ನಿಲ್ಲುವುದು, ರಬ್ಬರ್ ಪಟ್ಟಿಯನ್ನು ಮೆಲ್ಲಗೆ ಎಳೆಯುವುದು. ಕಮಲಾಬಾಯಿ, ಗ್ವಾಡಿ ಕಟ್ಟೋದು ಗೊತ್ತಿತ್ತು, ದಬ್ಬೋದು ಈಗ ಕಲತೆ ಎಂದು ನಕ್ಕಳು. ಆ ಮನೆಯಲ್ಲಿ ತಾಯಿ ಮಗಳು ಅಷ್ಟು ದಿನ ಒಟ್ಟಿಗೆ ಬೇರೆ ಕೆಲಸವಿಲ್ಲದೆ ಕೂತದ್ದು ಅದೇ ಮೊದಲು. ಅಷ್ಟರಮಟ್ಟಿಗೆ ಅವು ಒಳ್ಳೆಯ ದಿನಗಳೇ.

ಹನ್ನೆರಡನೆಯ ದಿನ ಬೆಳಿಗ್ಗೆ ದಾನಮ್ಮ ಎದ್ದಾಗ ಕಮಲಾಬಾಯಿ ಜೋಳಿಗೆ ಬಿಚ್ಚಿಟ್ಟು ಬುತ್ತಿ ಕಟ್ಟುತ್ತಿದ್ದಳು.

"ಇನ್ನ ಒಂದು ವಾರ ಕೂಡವ್ವಾ," ಎಂದಳು ದಾನಮ್ಮ. "ಮತ್ತ ಜಾರಿದ್ರ ಏನ್ ಮಾಡ್ತಿ?"

"ಕೂತ್ರ ಏನ್ ಮಾಡ್ಲಿ, ಅದನ್ನ ಹೇಳು."

ನಿನ್ನ ಬದಲು ನಾನು ಹೋಗುತ್ತೇನೆ ಎಂದು ದಾನಮ್ಮ ಅನ್ನುವಂತಿರಲಿಲ್ಲ. ತಾಯಿಯ ಕೈಯಿಂದ ಬುತ್ತಿಯ ಗಂಟು ತೆಗೆದುಕೊಂಡು ಅವಳ ಜೊತೆ ಸೈಟಿನ ತನಕ ನಡೆದಳು. ಹೊಸದೊಂದು ಕಟ್ಟಡ ಎರಡನೆಯ ಅಂತಸ್ತಿಗೆ ಬಂದಿತ್ತು. ಕಮಲಾಬಾಯಿ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ತಲೆಗೆ ಸಿಂಬಿ ಇಟ್ಟುಕೊಂಡು, ಇನ್ನೊಬ್ಬಳು ಎತ್ತಿಕೊಟ್ಟ ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದಳು. ಬಲಗೈಯನ್ನು ಮೈಗೆ ಒತ್ತಿಕೊಂಡಿದ್ದಳು. ಹಲಗೆಯ ಇಳಿಜಾರಿನ ಮೇಲೆ ಅವಳು ಮೆಲ್ಲಗೆ ಹತ್ತುತ್ತಿದ್ದಾಗ ಒಂದೊಂದು ಹೆಜ್ಜೆಗೂ ಮೊಣಕಾಲು ಹಿಂದಕ್ಕೆ ಬಾಗಿ ನಿಲ್ಲುತ್ತಿದ್ದದ್ದು ಕೆಳಗಿದ್ದ ದಾನಮ್ಮನಿಗೆ ಕಾಣುತ್ತಿತ್ತು. ಇಷ್ಟು ವರ್ಷ ಅದನ್ನು ತಾನು ನೋಡಿಯೇ ಇರಲಿಲ್ಲ.

ಕೆಲಸಕ್ಕೆ ಬಂದವಳೇನು ಎಂದು ಸೈಟಿನ ಮುಕಾದಮ ಅವಳನ್ನು ಕೇಳಿದ. ಅಲ್ಲ ಎಂದು ತಲೆಯಾಡಿಸಿದಳು. ಹಾಗಾದರೆ ದಾರಿ ಬಿಟ್ಟು ನಿಲ್ಲು ಎಂದ. ದಾನಮ್ಮ ಮರಳಿನ ಗುಡ್ಡೆಯ ಆಚೆ ಸರಿದು, ಬುತ್ತಿಯ ಗಂಟು ಹಿಡಿದುಕೊಂಡು, ತಾಯಿ ಬುಟ್ಟಿ ಸುರಿದು ಕೆಳಗಿಳಿಯುವ ತನಕ ನಿಂತಳು. ಕಮಲಾಬಾಯಿ ಇಳಿದು, ಅವಳತ್ತ ನೋಡದೆ, ಇನ್ನೊಂದು ಬುಟ್ಟಿಗೆ ತಲೆ ಕೊಟ್ಟಳು.